ನವಾರಿನ ಬೆಲ್ಟು ಹೊಲಿದವರು

ಓದುಗರೇ, ಚೀಲ ಕೊಳ್ಳುವಾಗ ನೀವು ಏನನ್ನು ಅಳೆಯುತ್ತೀರಿ? ಒಳಗಿಡುವ ವಸ್ತುವನ್ನೋ, ಅದನ್ನು ಹೊರುವ ಮೈಯನ್ನೋ? ಈ ಪ್ರಶ್ನೆಯನ್ನು ನನಗೆ ಕಲಿಸಿದವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮೇಣ ಹಚ್ಚಿದ ದಾರವನ್ನು ಆ ಸೀಳಿಗೆ ಸಿಕ್ಕಿಸಿ ಎಳೆದೇ ಅವರು ಅದರ ಬಿಗಿ ನೋಡುತ್ತಿದ್ದರು.

ಎಂಬತ್ತರ ದಶಕದ ನಡುವಿನ ವರ್ಷಗಳವು. ಗೋವಿಂದರಾಜನಗರದಿಂದ ಮಾಗಡಿ ರಸ್ತೆಗೆ ಇಳಿಯುವ ತಿರುವಿನಲ್ಲಿ ಅವರ ಬ್ಯಾಗ್ ಹೊಲಿಯುವ ಅಂಗಡಿಯಿತ್ತು. ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು, ಮಾತಿನಿಂದಲೇ ಲೋಕವನ್ನು ತಿದ್ದಬಹುದೆಂದು ನಂಬಿದ್ದವಳು. ಕೆಂಗೇರಿಯಾಚೆಯ ಕಲ್ಲು ಕ್ವಾರಿಯೊಂದರಲ್ಲಿ ಕೆಲಸದವರು ಗುಂಡಿಯ ಹಸಿರು ನೀರನ್ನೇ ಕುಡಿಯುತ್ತಿದ್ದರು. ಅರ್ಜಿ ಹಿಡಿದು ಹೋದಾಗ ಅಧಿಕಾರಿಯೊಬ್ಬರು, "ಭಾಷಣ ಬೇಡಮ್ಮ, ಫೋಟೊ ತನ್ನಿ" ಎಂದಿದ್ದರು. ಅಣ್ಣನ ಕ್ಯಾಮೆರಾ ಮನೆಯಲ್ಲಿತ್ತು. ಲೆನ್ಸು, ರೀಲುಗಳನ್ನೆಲ್ಲ ಹೊತ್ತೊಯ್ಯಲು ಚೀಲ ಬೇಕಿತ್ತು.

ಪತ್ರಿಕೆಯಿಂದ ಕತ್ತರಿಸಿದ್ದ ಚಿತ್ರವನ್ನು ಅವರ ಮುಂದಿಟ್ಟೆ. "ಹೀಗೆ ಯಜಮಾನ್ರೇ. ದೊಡ್ಡ ಚೀಲ, ಭುಜಕ್ಕೆ ಉದ್ದನೆ ಪಟ್ಟಿ."

ಅವರು ಹಳೆಯ ಚೀಲವೊಂದಕ್ಕೆ ಎರಡು ಇಟ್ಟಿಗೆ ತುಂಬಿ ನನ್ನ ಭುಜಕ್ಕೆ ನೇತುಹಾಕಿದರು. "ಹಾಲಿನ ಬೂತ್ ತನಕ ನಡ್ಕೊಂಡ್ ಬನ್ನಿ." ಯಾವ ಗಿರಾಕಿಗೇ ಆಗಲಿ, ನಡೆಸಿ ನೋಡದೆ ಅವರು ಟೇಪು ಹಿಡಿಯುತ್ತಿರಲಿಲ್ಲ.

ಹಿಂದಿರುಗಿದಾಗ ಹೇಳಿದರು: "ಎಡಭುಜ ಕುಸೀತು ನೋಡಿ. ಬಗ್ಗಿದ್ರೆ ಚೀಲ ಮುಂದಕ್ಕೆ ತೂಗುತ್ತೆ, ಒಂದು ಕೈ ಅದನ್ನ ಹಿಡಿಯೋದಕ್ಕೇ ಬೇಕು. ಭಾರಾನ ಸೊಂಟಕ್ಕೆ ಕೊಡಿ. ಬೆಲ್ಟ್ ಹೊಲಿದುಕೊಡ್ತೀನಿ."

"ಸೀರೆ ಮೇಲೆ ಬೆಲ್ಟಾ? ಜನ ನಗ್ತಾರೆ!"

"ಕಂಡಕ್ಟ್ರು ಅಂದ್ಕೋತಾರೆ ಅಷ್ಟೇ. ಕೇಳಿದ್ರೆ ಟಿಕೆಟ್ ಕೊಡಿ."

ನಾನು ವಾದಕ್ಕೆ ನಿಂತೆ. ಅವರು ಪೂರ್ತಿ ಕೇಳಿಸಿಕೊಂಡರು. "ಮಾತಲ್ಲಿ ನೀವೇ ಗೆದ್ರಿ, ಭಾಷಣದಮ್ಮ. ಚೀಲ ಮಾತ್ರ ನಾನು ಹೊಲಿಯಲ್ಲ" ಎಂದು ನಕ್ಕರು. ಕೋಪದಲ್ಲಿ, ನಗುತ್ತಿದ್ದ ಆ ಮುಖವನ್ನು ಅಳತೆಗೆಂದು ತಂದಿದ್ದ ಕ್ಯಾಮೆರಾದಲ್ಲಿ ಹಾಗೇ ಹಿಡಿದು, ರಾಜಾಜಿನಗರಕ್ಕೆ ಹೋಗಿ ಸಿದ್ಧ ಚೀಲವನ್ನೇ ಕೊಂಡೆ.

ಕ್ವಾರಿಯಲ್ಲಿ ಅವರು ಹೇಳಿದಂತೆಯೇ ಆಯಿತು. ಬಗ್ಗಿದಾಗಲೆಲ್ಲ ಚೀಲ ತೂಗಿ ಮುಂದೆ ಬಂತು. ಹೊಸ ರೀಲು, ಫೋಟೊ ತೆಗೆದು ಮುಗಿಸಿದ್ದ ರೀಲು ಎರಡೂ ಒಂದೇ ಜೇಬಿನಲ್ಲಿದ್ದವು. ತೆಗೆದ ರೀಲಿನ ತುದಿಯನ್ನು ಪೂರ್ತಿ ಒಳಗೆ ಸುತ್ತದೆ ಬಿಡುವ ದುರಭ್ಯಾಸ ನನಗಿದ್ದುದರಿಂದ, ನೋಡಲು ಎರಡೂ ಒಂದೇ. ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದರಲ್ಲಿ ತಡಕಿ, ಸಿಕ್ಕಿದ್ದನ್ನು ಕ್ಯಾಮೆರಾಕ್ಕೆ ಹಾಕಿದೆ. ತಲೆಯ ಮೇಲೆ ಕಲ್ಲು ಹೊತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿದಳು: "ಇದ್ರಿಂದ ನೀರು ಬತ್ತದಾ ಅಕ್ಕಾ?"

"ಖಂಡಿತ ಬರುತ್ತೆ" ಎಂದೆ.

ಸ್ಟುಡಿಯೋದಿಂದ ಬಂದ ಪ್ರಿಂಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ವಾರದ ರೀಲಿನ ಮೇಲೆಯೇ ಕ್ವಾರಿಯನ್ನೂ ತೆಗೆದಿದ್ದೆ. ಒಂದರ ಮೇಲೊಂದು ಚಿತ್ರ ಬಿದ್ದು, ನೀರಿನ ಗುಂಡಿ ಯಾವುದು, ನಮ್ಮ ಬೀದಿ ಯಾವುದು ಎಂದು ತಿಳಿಯುವಂತಿರಲಿಲ್ಲ. ಅಧಿಕಾರಿ ಇನ್ನೊಂದೇ ವಾರ ಕಾಯುವುದಾಗಿ ಹೇಳಿದರು.

ಆ ಪ್ರಿಂಟುಗಳೊಡನೆ ಅಂಗಡಿಗೆ ಹೋದೆ. ಅವುಗಳಲ್ಲೊಂದರಲ್ಲಿ ಯಜಮಾನರ ತಲೆಯ ಮೇಲೆ ಆ ಹೆಂಗಸಿನ ಕಲ್ಲು ಸರಿಯಾಗಿ ಕೂತಿತ್ತು. "ಅಯ್ಯೋ, ನನಗೇ ಕಲ್ಲು ಹೊರಿಸಿಬಿಟ್ರಲ್ರೀ!" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಈ ಕಲ್ಲು ಹೊತ್ತವಳಿಗೆ ಏನು ಹೇಳಿ ಬಂದಿದೀರಿ?"

ಹೇಳಿದೆ. ಅವರು ಮಷಿನ್ನಿನ ಮೇಲಿದ್ದ ಅರೆಹೊಲಿದ ಶಾಲೆಯ ಚೀಲವನ್ನು ತೆಗೆದು ಪಕ್ಕಕ್ಕಿಟ್ಟರು.

ಮಂಚಕ್ಕೆ ಹೆಣೆಯುವ ಅಗಲ ನವಾರನ್ನು ಎರಡು ಪದರ ಮಾಡಿ ಬೆಲ್ಟು ಹೊಲಿದರು. ಅದಕ್ಕೆ ಖಾಕಿ ಕ್ಯಾನ್ವಾಸಿನ ಜೇಬುಗಳು. ಎಡಗಡೆಯದಕ್ಕೆ ಗುಂಡಿ, ಅದು ಹೊಸ ರೀಲಿಗೆ; ಬಲಗಡೆಯದಕ್ಕೆ ಬಕಲು, ಅದು ತೆಗೆದದ್ದಕ್ಕೆ. ಬೆಲ್ಟು ಕಟ್ಟಿಸಿ, ಅಂಗಡಿಯ ಮುಂದೆಯೇ ನಿಲ್ಲಿಸಿದರು.

"ಕಣ್ಣು ಮುಚ್ಚಿ. ಹೊಸದು ಕೊಡಿ. ಈಗ ತೆಗೆದಿದ್ದು. ಮತ್ತೆ ಹೊಸದು."

ಹತ್ತಾರು ಸಲ ಆದ ಮೇಲೆ, "ಸಾಕು ಯಜಮಾನ್ರೇ, ಬಂತು" ಎಂದೆ.

"ಇನ್ನೊಂದ್ಸಲ. ಅಲ್ಲಿ ಅವಸರ ಇರುತ್ತೆ, ನಾನಿರಲ್ಲ."

ಆ ವಾರ ಎರಡೂ ಕೈಗಳನ್ನು ಬಂಡೆಗೆ ಊರಿ ಗುಂಡಿಯ ಅಂಚಿನವರೆಗೂ ಇಳಿದೆ. ಮಕ್ಕಳು ಬೊಗಸೆಯಲ್ಲಿ ಆ ನೀರನ್ನೆತ್ತಿ ಕುಡಿಯುವುದು ಸ್ಪಷ್ಟವಾಗಿ ಮೂಡಿತು. ತಿಂಗಳು ಕಳೆಯುವಷ್ಟರಲ್ಲಿ ಕ್ವಾರಿಗೆ ನೀರಿನ ಟ್ಯಾಂಕರು ಬರತೊಡಗಿತು. ಓಡಿಹೋಗಿ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಸೊಂಟ ನೋಯ್ತಾ?"

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಹಾರ ಹಾಕಲು ಅವರ ಹೆಂಡತಿ ನನ್ನಲ್ಲಿ ಫೋಟೊ ಕೇಳಿದರು. ನಾನು ತೆಗೆದದ್ದು ಆ ಕೆಟ್ಟುಹೋದ ಒಂದೇ ಚಿತ್ರ. ನಾಚಿಕೆಯಿಂದಲೇ ಕೊಟ್ಟೆ. ಆಕೆ ಅದನ್ನು ಸೆರಗಿನಿಂದ ಒರೆಸಿ, "ಕಲ್ಲು ಇದ್ರೆ ಇರ್ಲಿ ಬಿಡಮ್ಮ. ನಗ್ತಾ ಇದಾರಲ್ಲ" ಎಂದರು.

ನನ್ನಲ್ಲಿರುವ ಆ ಬೆಲ್ಟಿನ ನವಾರು ಈಗ ಹಳದಿಗಟ್ಟಿದೆ, ಹೊಲಿಗೆ ಬಿಟ್ಟಿಲ್ಲ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಚೀಲ ಕೊಳ್ಳುವ ಮೊದಲು, ನೀವು ಹೊರಬೇಕಾದ ಪೂರ್ತಿ ಭಾರವನ್ನು ಅದರಲ್ಲಿ ತುಂಬಿ, ಬೀದಿಯ ಕೊನೆಯವರೆಗೆ ಒಮ್ಮೆ ನಡೆದು ಬನ್ನಿ.