ಗಂಜಿ ಉಂಡದ್ದು ಉಂಟು

ಅಮಾನತಾದವರು ದಿನಾ ಬೆಳಿಗ್ಗೆ ಹತ್ತಕ್ಕೆ ಬೆಳ್ತಂಗಡಿಯ ಕಚೇರಿಗೆ ಹೋಗಿ ಸಹಿ ಮಾಡಬೇಕು ಎಂದು ಕಚೇರಿಯ ಗುಮಾಸ್ತರು ನನಗೆ ಹೇಳಿದ್ದರು. ಮೂಡಬಿದ್ರೆಯಿಂದ ಎಂಟೂವರೆಯ ಬಸ್ಸು ಹಿಡಿದು, ವೇಣೂರು ದಾಟಿ, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮೆಟ್ಟಿಲು ಹತ್ತುತ್ತಿದ್ದೆ. ಸಹಿ ಮಾಡಿದ ಮೇಲೆ ಕೆಲಸವಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು, ಮಧ್ಯಾಹ್ನ ಬುತ್ತಿ ಬಿಚ್ಚಿ ತಿಂದು, ಡಬ್ಬಿ ತೊಳೆದು, ಮನೆಗೆ ಬರುವುದು. ಹಾಗೊಂದು ನಿಯಮವೇ ಇಲ್ಲ ಎಂದು ಗೊತ್ತಾದದ್ದು ನಾಲ್ಕು ತಿಂಗಳು ಕಳೆದ ಮೇಲೆ. ಹೇಳಿದವರಲ್ಲಿಯೇ ಕೇಳಿದೆ. "ಒಳ್ಳೆಯದೇ ಆಯ್ತಲ್ಲ ಮೇಡಂ, ಶಿಸ್ತು ಕಾಣ್ತದೆ" ಎಂದರು.

ಭತ್ತ ಬೆಳೆಯುವವರಿಗೆ ಸಲಹೆ ಕೊಡುವ ಸರ್ಕಾರಿ ಕೆಲಸ ನನ್ನದು. ಬಂಟ್ವಾಳದ ಕಚೇರಿಯಲ್ಲಿ ಹೊರಗೆ ಹೋಗುವವರು ಬರೆದಿಡಲಿಕ್ಕೆಂದು ಒಂದು ಚಲನವಲನ ಪುಸ್ತಕ ಉಂಟು. ಎಲ್ಲರೂ ಬೆಳಿಗ್ಗೆ ಬಂದವರೇ "ಕ್ಷೇತ್ರ ಭೇಟಿ" ಎಂದು ಬರೆದು, ಮುಂದೆ ಒಂದು ಊರಿನ ಹೆಸರು ಹಾಕಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಆ ಊರಿಗೂ ಹೋಗುತ್ತಾರೆ. ನಾನು ಮಾತ್ರ ಸಂಜೆ ಬಂದ ಮೇಲೆ ಬರೆಯುತ್ತಿದ್ದೆ. ಪಾಣೆಮಂಗಳೂರಿಗೆಂದು ಹೊರಟವಳನ್ನು ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದು "ಒಮ್ಮೆ ನಮ್ಮ ಗದ್ದೆ ನೋಡಿ ಹೋಗಿ" ಎಂದರೆ ಹೋಗಬೇಕಾಗುತ್ತದೆ. ನಾವು ಪುಸ್ತಕದಲ್ಲಿ ಬರೆದದ್ದನ್ನು ಓದಿಕೊಂಡು ಹುಳ ಬರುವುದಿಲ್ಲವಲ್ಲ. ಹೋದ ಊರನ್ನೇ ಬರೆಯುವ ಎಂದು ಇಪ್ಪತ್ತೆರಡು ವರ್ಷ ಹಾಗೇ ಮಾಡಿದೆ. ಯಾರೂ ಏನೂ ಹೇಳಿರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಗೆ ಮೇಲಧಿಕಾರಿ ಹೇಳದೆ ಬಂದರು. ಪುಸ್ತಕದಲ್ಲಿ ನನ್ನ ಸಾಲು ಖಾಲಿ. ನಾನು ವಾಮದಪದವಿನ ಒಂದು ಗದ್ದೆಯಲ್ಲಿ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಬೆಂಕಿ ರೋಗ ತಗಲಿದ ಎಲೆ ನೋಡುತ್ತಿದ್ದೆ. ಫೋನು ಗದ್ದೆಯ ಯಜಮಾನರ ಮನೆಯ ಜಗಲಿಯ ಮೇಲೆ ಚೀಲದಲ್ಲಿತ್ತು. ಸಂಜೆ ಬಂದು ಎಂದಿನಂತೆ ಬರೆದೆ. "ಅನಧಿಕೃತ ಗೈರು" ಎಂದು ಅಮಾನತಿನ ಆದೇಶ ಬಂದಾಗ ಅದರಲ್ಲಿ ಎರಡನೆಯ ತಪ್ಪೂ ಇತ್ತು: ಸದರಿ ನಮೂದನ್ನು ತದನಂತರ ಸೇರಿಸಲಾಗಿದೆ.

ಮೂರು ಸಲ ಉತ್ತರ ಕೊಟ್ಟೆ. ಮೂರಕ್ಕೂ "ಸಮಾಧಾನಕರವಾಗಿಲ್ಲ" ಎಂಬ ಒಂದೇ ಮಾತು ಬಂತು. ಪಕ್ಕದ ಮೇಜಿನ ಸಹೋದ್ಯೋಗಿ, ದಿನಾ ಬೆಳಿಗ್ಗೆ ಪಾಣೆಮಂಗಳೂರು ಎಂದು ಬರೆದು ತನ್ನ ಹೊಸ ಮನೆಯ ಸ್ಲ್ಯಾಬಿಗೆ ನೀರು ಬಿಡಲು ಹೋಗುತ್ತಿದ್ದವರು, ಫೋನು ಮಾಡಿ ಬುದ್ಧಿ ಹೇಳಿದರು.

"ಒಂದು ಕ್ಷಮಾಪಣೆ ಬರೆದುಕೊಡಿ ಮೇಡಂ. ವಾರದೊಳಗೆ ಮುಗೀತದೆ."

"ಯಾವ ತಪ್ಪಿಗೆ?"

"ತಪ್ಪು ಯಾವುದಾದರೆ ಎಂತ? ಅವರಿಗೆ ಕಾಗದ ಬೇಕು."

ಕಾಗದ ನನಗೂ ಬೇಕಿತ್ತು. "ಗೈರು" ಎಂಬ ಆ ಶಬ್ದ ಹೊಡೆದುಹಾಕಿದ ಕಾಗದ. ವಿಚಾರಣೆಯೇ ಆಗಲಿ ಎಂದು ಬರೆದೆ.

ಸಾಕ್ಷಿಗೆ ಆ ಗದ್ದೆಯ ಯಜಮಾನರನ್ನು ಕೇಳಲು ಹೋದೆ. ಅರುವತ್ತು ದಾಟಿದವರು, ಮಾತಿಗೆ ಹೆದರುವವರು. "ಕಚೇರಿಯ ಕನ್ನಡ ನನ್ನ ಬಾಯಿಗೆ ಬರುವುದಿಲ್ಲ ಮಾರಾಯ್ರೇ" ಎಂದರು. "ಕಂಡದ್ದು ಹೇಳಿದರೆ ಸಾಕು ಅಣ್ಣ" ಎಂದೆ. ವಿಚಾರಣೆಗೆ ಕರೆದ ದಿನ ಅವರಿಗೆ ಎರಡನೇ ಬೆಳೆ ಸುಗ್ಗಿಗೆ ನೇಜಿಯ ಸಸಿ ನೆಡುವ ದಿನ. ಆಳುಗಳನ್ನು ಹೆಂಡತಿಗೆ ಒಪ್ಪಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ಬಂದರು.

"ಇವರು ಆ ದಿನ ನಿಮ್ಮ ಗದ್ದೆಗೆ ಬಂದಿದ್ರಾ?" ವಿಚಾರಣಾಧಿಕಾರಿ ಕೇಳಿದರು.

"ಬಂದದ್ದು ಉಂಟು."

"ಎಷ್ಟು ಹೊತ್ತು ಇದ್ರು?"

"ಗಡಿಯಾರ ನೋಡ್ಲಿಲ್ಲ. ಗದ್ದೆಯ ನಾಲ್ಕೂ ಬದಿ ನೋಡಿದ್ರು."

"ಐದು ನಿಮಿಷ ಬಂದು ಮುಖ ತೋರಿಸಿ ಹೋಗಿರಬಹುದಲ್ಲ?"

ಅಣ್ಣನ ಮುಖ ಕೆಂಪಾಯಿತು. "ಐದು ನಿಮಿಷವಾ? ಎಂತ ಮಾತು ಹೇಳ್ತೀರಿ! ನಮ್ಮಲ್ಲಿ ಗಂಜಿ ಉಂಡದ್ದು ಉಂಟು. ಉಪ್ಪಿನಕಾಯಿ ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದೂ ಉಂಟು. ಬೇಕಾದರೆ ನನ್ನ ಹೆಂಡತಿಯಲ್ಲಿ ಕೇಳಿ!"

ಹೇಳಿ, ಗೆದ್ದವರಂತೆ ನನ್ನ ಕಡೆ ನೋಡಿದರು. ಟೈಪು ಮಾಡುವವಳ ಕೈ ನಿಂತಿತು. "ಗಂಜಿ ಹಾಕುವುದಾ ಸರ್?"

"ಹಾಕಿ. ಕರ್ತವ್ಯದ ವೇಳೆಯಲ್ಲಿ ಫಲಾನುಭವಿಯಿಂದ ಆತಿಥ್ಯ ಸ್ವೀಕರಿಸಿರುತ್ತಾರೆ."

ವಿಚಾರಣಾಧಿಕಾರಿ ಅದನ್ನು ಓದಿ ಹೇಳಿದರು. ತಮ್ಮ ಗಂಜಿ ಅದರೊಳಗೆ ಎಲ್ಲಿ ಉಂಟೆಂದು ಅಣ್ಣನಿಗೆ ತಿಳಿಯಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದರು. ಮೆಟ್ಟಿಲು ಇಳಿಯುವಾಗ ಕೇಳಿದರು, "ಹೇಗೆ? ಸರಿಯಾಗಿ ಕೊಟ್ಟೆನಲ್ಲ?"

"ಸರಿಯಾಗಿತ್ತು ಅಣ್ಣ."

ಹೋಟೆಲಿನಲ್ಲಿ ಅವರಿಗೆ ಬನ್ಸ್ ಮತ್ತು ಚಾ ತೆಗೆದುಕೊಟ್ಟೆ.

ಆದೇಶ ಏಳನೆಯ ತಿಂಗಳಿಗೆ ಬಂತು. ಗೈರುಹಾಜರಿ ಸಾಬೀತಾಗಿಲ್ಲ. ಆತಿಥ್ಯ ಸ್ವೀಕರಿಸಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ. ಅಮಾನತಿನ ಅವಧಿಯನ್ನು ಅವರ ಹಕ್ಕಿನ ರಜೆ ಎಂದು ಪರಿಗಣಿಸತಕ್ಕದ್ದು. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬೆಂಚು ಕಾದದ್ದು ನನ್ನ ರಜೆ! ಅದೂ ನಾನೇ ಅರ್ಜಿ ಬರೆದುಕೊಡಬೇಕಂತೆ. ಕೊಡಲಿಲ್ಲ. ಮೇಲ್ಮನವಿ ಬರೆದೆ: ಆ ಗಂಜಿಯಿಂದಲೇ ನಾನು ಅಲ್ಲಿದ್ದೆನೆಂದು ನಂಬಿದ್ದೀರಿ, ಅದೇ ಗಂಜಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದೀರಿ, ಎರಡರಲ್ಲಿ ಒಂದನ್ನು ಹಿಂದೆ ತೆಗೆದುಕೊಳ್ಳಿ. ಅದು ಇನ್ನೂ ಯಾರದೋ ಮೇಜಿನ ಮೇಲೆ ಉಂಟು.

ಮತ್ತೆ ಕೆಲಸಕ್ಕೆ ಸೇರಿದ ದಿನ ಆ ಸಹೋದ್ಯೋಗಿಯೇ ಪುಸ್ತಕ ತೆರೆದು ಪೆನ್ನು ಚಾಚಿದರು. "ಮೊದಲು ಬರೆಯಿರಿ, ಆಮೇಲೆ ಮಾತು." ವಾಮದಪದವು ಎಂದು ಬರೆದೆ. ದಾರಿಯಲ್ಲಿ ಒಬ್ಬರು ಗದ್ದೆಯ ಬದುವಿನಿಂದ ಕೈ ಬೀಸಿ ಕರೆದರು. "ನಾಳೆ ಬರ್ತೇನೆ" ಎಂದು ಕೂಗಿ ಹೇಳಿ ಸ್ಕೂಟರ್ ನಿಲ್ಲಿಸದೆ ಹೋದೆ.

ಆ ಅಣ್ಣನ ಮನೆಯಲ್ಲಿ ನಾನು ಜಗಲಿ ಹತ್ತುವ ಮೊದಲೇ ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಬಂದವರಿಗೆ ಅದನ್ನು ಕೊಡದೆ ನಮ್ಮ ಕಡೆ ಮಾತು ಶುರುವಾಗುವುದಿಲ್ಲ. ನಾನು ಚೀಲದಿಂದ ನನ್ನ ಬಾಟಲಿ ತೆಗೆದೆ.

ಅಣ್ಣ ಬಾಟಲಿಯನ್ನೂ ನನ್ನನ್ನೂ ನೋಡಿದರು. "ಎಂತ, ನಾನು ಅಲ್ಲಿ ಹೇಳಿದ್ದರಲ್ಲಿ ಏನಾದರೂ ತಪ್ಪಾಯ್ತಾ?"

"ಛೆ, ಇಲ್ಲ ಅಣ್ಣ. ಡಾಕ್ಟ್ರು ಬೆಲ್ಲ ಬೇಡ ಹೇಳಿದ್ದಾರೆ."

"ನೀರಿಗೂ ಬೇಡ ಹೇಳಿದ್ದಾರಾ?"

ಅವರ ಹೆಂಡತಿ ತಟ್ಟೆಯನ್ನು ಒಳಗೆ ಕೊಂಡುಹೋದರು.

"ಗದ್ದೆಗೆ ಹೋಗುವ" ಎಂದೆ. ಅವರು ಮುಂದೆ ನಡೆದರು. ಬದು ಮುಗಿಯುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.