ನಾಝಿಯಾ ಹೇಳಿ ಬರೆಸಿದ ಸಾಲು

ಉಳ್ಳಾಲದ ಆಚುಮ್ಮಳಿಗೆ ಹದಿನೈದರಲ್ಲೇ ನಿಕಾಹ್ ಆಗಿತ್ತು. ಒಪ್ಪಿಗೆ ಕೊಟ್ಟದ್ದು ತಂದೆ. ವಿಧವೆಯಾದ ಮೇಲೆ ಗಲ್ಫಿಗೆ ಹೋಗಿ, ಮಿರ್ದಿಫ್‌ನ ಬಂಗಲೆಯೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ, ಮಗಳು ನಾಝಿಯಾಳನ್ನು ನರ್ಸಿಂಗ್ ಓದಿಸಿದಳು.

ಇಂದು ಅಬುಧಾಬಿಯ ಕೋರ್ಟಿನಲ್ಲಿ ನಾಝಿಯಾಳ ನಿಕಾಹ್. ಅದನ್ನು ನಡೆಸಿಕೊಡುವ ಕುರ್ಚಿಯಲ್ಲಿ ಅಬಾಯ ತೊಟ್ಟ ಹೆಂಗಸೊಬ್ಬಳು ಕುಳಿತಿದ್ದಳು! ಆಚುಮ್ಮ ಕಣ್ಣು ಮಿಟುಕಿಸದೆ ನೋಡಿದಳು.

“ಹುಡುಗಿಗೆ ಒಪ್ಪಿಗೆಯೇ?” ಎಂದು ಅಧಿಕಾರಿ ನಾಝಿಯಾಳನ್ನು ನೋಡಿ ಕೇಳಿದಳು.

“ಒಪ್ಪಿಗೆ ಉಂಟು,” ಎಂದರು ತಂದೆಯ ಸ್ಥಾನದಲ್ಲಿ ಕುಳಿತಿದ್ದ ಅವಳ ಚಿಕ್ಕಪ್ಪ ಹಾಶಿಮ್.

“ನಿಮ್ಮನ್ನಲ್ಲ, ಅವಳನ್ನು ಕೇಳಿದ್ದು.”

ನಾಝಿಯಾ ತಲೆಯೆತ್ತಿದಳು. “ಒಪ್ಪಿಗೆ. ಮದುವೆ ಆದ ಮೇಲೂ ನಾನು ಕೆಲಸಕ್ಕೆ ಹೋಗ್ತೇನೆ. ಅದನ್ನೂ ಬರೀರಿ.”

ಮದುಮಗ ಅಹ್ಮದ್ ನಗುತ್ತಾ ತಲೆಯಾಡಿಸಿದ. ಅಧಿಕಾರಿ ನಿಕಾಹ್ ಪತ್ರದಲ್ಲಿ ಆ ಸಾಲು ಬರೆದಳು.

ಆಚುಮ್ಮ ಪತ್ರದ ಮೇಲೆ ಬಾಗಿದಳು. “ಯಾ ಅಲ್ಲಾಹ್, ಹೀಗೂ ಹೇಳ್ಲಿಕ್ಕೆ ಆಗ್ತದಾ!” ಎಂದು ಉದ್ಗರಿಸಿ, ತನಗೆ ಓದಲು ಬಾರದ ಆ ಸಾಲನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.