ಮನೆಗೊಂದು ಸೀಸನ್ ಟಿಕೆಟ್

ಆ ಟಿಕೆಟ್ ನಮ್ಮ ಚಾವಡಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಳದಿ ರಟ್ಟಿನ ತುಂಡು, ಮೂಲೆಯಲ್ಲೊಂದು ತೂತು, ತೂತಿಗೊಂದು ದಾರ. ಅದನ್ನು ಮುಟ್ಟಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಮುಟ್ಟಬಹುದೆಂದೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ಪುತ್ತೂರಿನ ಹತ್ತಿರದ ಸವಣೂರಿನ ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಪ್ರತಿ ವರ್ಷ ಫುಟ್‌ಬಾಲ್ ಪಂದ್ಯಾಟ ನಡೆಯುತ್ತಿತ್ತು, ಸುತ್ತ ತೆಂಗಿನ ಮಡಲಿನ ಬೇಲಿ. ಹಿಂದಿನ ವರ್ಷ ಆಳಿಗೊಂದು ಸೀಸನ್ ಟಿಕೆಟ್ ಎಂದು ಮಾಡಿ, ಬೆಲೆ ಏರಿಸಿ, ಕಮಿಟಿಯವರು ಕೈಸುಟ್ಟುಕೊಂಡಿದ್ದರು. ಕೊಂಡವರು ಪೇಟೆಯ ಅಂಗಡಿಯವರು ಮಾತ್ರ. ಉಳಿದ ಊರೆಲ್ಲ ಬೇಲಿಗೆ ತೂತು ಮಾಡಿ ಆಟ ನೋಡಿತು. ಈ ಸಲ ಅಧ್ಯಕ್ಷರು ನನ್ನ ಮಾವ. ಅವರು ಹಟ ಹಿಡಿದು ಟಿಕೆಟ್ಟನ್ನು ಅಗ್ಗ ಮಾಡಿಸಿದರು. ಮೇಲಾಗಿ, ಟಿಕೆಟ್ಟಿನಲ್ಲಿ ಆಳಿನ ಹೆಸರು ಬೇಡ, ಮನೆಯ ಹೆಸರು ಸಾಕು ಎಂದರು. ಒಂದು ದಿನ ಅಣ್ಣ ಬರಲಿ, ಇನ್ನೊಂದು ದಿನ ತಮ್ಮ ಬರಲಿ, ತಂದವರೊಬ್ಬರನ್ನು ಒಳಗೆ ಬಿಡುವುದು. ಇದರ ಚರ್ಚೆ ನಡೆದದ್ದು ನಮ್ಮ ಚಾವಡಿಯಲ್ಲೇ. ಚಹಾ ಕೊಟ್ಟು ಕೊಟ್ಟು ನನ್ನ ಕೈ ಸೋತಿತ್ತು. ಮನೆಯೆಂದರೆ ಅದರಲ್ಲಿ ಹೆಂಗಸರೂ ಇರುತ್ತಾರೆಂದು ಆ ಅಷ್ಟೂ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನನ್ನ ತವರು ಮಂಜೇಶ್ವರದ ಕಡೆ. ಅಮ್ಮ ತೀರಿಹೋದ ಮೇಲೆ ತಮ್ಮನನ್ನು ಸಾಕಿದವಳು ನಾನು. ಮದುವೆಯಾದಂದಿನಿಂದ ಅವನ ಮುಖ ನೋಡಿರಲಿಲ್ಲ. ತವರಿಗೆ ಹೋಗುವುದು ಮಾವ ಹೇಳಿದಾಗ. ಅವರು ಹೇಳಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಆ ಬುಧವಾರ ಮೀನು ಮಾರುವವ ಬಂದು, ಸಂಜೆಯ ಸೆಮಿಫೈನಲಿಗೆ ನಿಮ್ಮ ಊರಿನ ತಂಡ ಉಂಟಂತೆ, ನಿಮ್ಮ ತಮ್ಮನೂ ಆಡುತ್ತಾನಂತೆ ಎಂದ. ಮೀನಿಗೆಂದು ಚಾಚಿದ ಬುಟ್ಟಿ ಅಲ್ಲೇ ನಿಂತಿತು. ತಂಡ ಲಾರಿಯಲ್ಲಿ ಬಂದು ಆಟ ಮುಗಿದೊಡನೆ ಲಾರಿಯಲ್ಲೇ ಹೋಗುವುದು. ಯಾರೂ ಕರೆಯದೆ, ಚಡ್ಡಿ ಹಾಕಿಕೊಂಡು, ಅಕ್ಕನ ಗಂಡನ ಮನೆಗೆ ಅವನು ಬರಲಾರ.

ಟಿಕೆಟ್ ಹಿಡಿದು ಹೋಗುತ್ತಿದ್ದ ನನ್ನ ಗಂಡ ಸುಳ್ಯಕ್ಕೆ ಕೆಲಸದ ಮೇಲೆ ಹೋಗಿದ್ದರು. ಮಾವ ಬೆಳಿಗ್ಗೆಯೇ ಪಂದ್ಯಾಟದ ಗದ್ದೆಗೆ ಹೋಗಿದ್ದರು. ಮಾವ ಬೈಯುವವರಲ್ಲ, ಕೈಮಾಡುವವರಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು. ಈಗ ಕಡಬದಲ್ಲಿ ಬೇರೆ ಮನೆ ಮಾಡಿರುವ ನನ್ನ ಓರಗಿತ್ತಿ ಒಮ್ಮೆ ಹೇಳದೆ ಪುತ್ತೂರಿಗೆ ಸಿನೆಮಾಕ್ಕೆ ಹೋಗಿದ್ದಳಂತೆ. ಆಮೇಲೆ ಅವಳು ಬಡಿಸಲು ಬಂದರೆ ಮಾವ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರಂತೆ. ಅವಳಿಗೆ ಮಗು ಹುಟ್ಟಿ ತೊಟ್ಟಿಲು ತೂಗುವವರೆಗೂ ಆ ಕೈ ಸರಿಯಲಿಲ್ಲ. ಇದನ್ನು ಹೇಳುವಾಗ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೆ.

ಮಧ್ಯಾಹ್ನ ಅತ್ತೆಯ ಹತ್ತಿರ ಹೋಗಿ, ಆಟ ನೋಡಿ ಬರುತ್ತೇನೆ ಎಂದೆ. ತಮ್ಮನ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ಮಾವನನ್ನು ಕೇಳಿ ನೋಡುವ ಎನ್ನುತ್ತಿದ್ದರು, ಅಷ್ಟರಲ್ಲಿ ಲಾರಿ ಹೋಗಿರುತ್ತಿತ್ತು.

“ನಿನಗೆಂತ ಮರುಳಾ? ಅವರಿಗೆ ಗೊತ್ತಾದ್ರೆ?” ಎಂದರು ಅತ್ತೆ. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಕೊಂಡು, “ನಾನಂತೂ ಎಂತದೂ ಕೇಳ್ಲಿಲ್ಲ ಆಯ್ತಾ,” ಎಂದರು.

ಮೊಳೆಯಿಂದ ಟಿಕೆಟ್ ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಹಿಂದೆ ತಿರುಗಿಬಿಡುವ ಎಂದುಕೊಳ್ಳುತ್ತಲೇ ನಡೆದೆ. ಗೇಟಿನ ಹತ್ತಿರ ತಲುಪುವಾಗ ಬೆವರಿಗೆ ಟಿಕೆಟ್ ಒದ್ದೆಯಾಗಿತ್ತು.

ಗೇಟಿನಲ್ಲಿದ್ದವ ನೆರೆಮನೆಯವನೇ. ಟಿಕೆಟ್ ನೋಡಿದ, ನನ್ನನ್ನು ನೋಡಿದ. “ಅಕ್ಕಾ, ಇದು ಗಂಡಸರಿಗೆ ಅಲ್ವಾ?”

“ಹಾಗಂತ ಎಲ್ಲಿ ಬರೆದುಂಟು?” ಎಂದೆ. ಸ್ವರ ನನ್ನದೋ ಬೇರೆಯವರದೋ ನನಗೇ ತಿಳಿಯಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಅವನು ಪಾಪ, ಪೇಚಿಗೆ ಸಿಕ್ಕಿ ಒಳಗೆ ತಿರುಗಿ ಕೂಗಿದ: “ಅಧ್ಯಕ್ಷರೇ, ಇಲ್ಲಿ ಸ್ವಲ್ಪ ಬನ್ನಿ ಮಾರಾಯ್ರೆ!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ಎದ್ದು ಬಂದರು. ನನ್ನ ಮುಖ ನೋಡಲಿಲ್ಲ. ಟಿಕೆಟ್ ತೆಗೆದುಕೊಂಡು, ಓದಿ, ಹಿಂದೆ ತಿರುಗಿಸಿ ನೋಡಿದರು. “ಬಿಡು,” ಎಂದು ಗೇಟಿನವನಿಗೆ ಹೇಳಿ, ಟಿಕೆಟ್ಟನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು.

ಒಳಗೆ ಬಿಟ್ಟದ್ದು ತಾವೇ ಮಾಡಿದ ಕಾನೂನಿಗೋಸ್ಕರ. ಟಿಕೆಟ್ ಕಿಸೆಗೆ ಹೋದದ್ದು ನನ್ನ ಮೇಲಿನ ಸಿಟ್ಟಿಗೆ. ಹಾಗೆಂದು ಲೆಕ್ಕ ಹಾಕಿದೆ. ನೂರಾರು ಗಂಡಸರ ನಡುವೆ ಒಬ್ಬಳೇ ಹೆಂಗಸು, ಬೇಲಿಗೆ ಒತ್ತಿ ನಿಂತೆ. ತಮ್ಮ ಉದ್ದವಾಗಿದ್ದ, ಮೀಸೆ ಚಿಗುರಿತ್ತು. ಅವನು ಚೆಂಡಿನ ಹಿಂದೆ ಓಡುತ್ತಿದ್ದ, ನಾನು ಮಾವನ ಬೆನ್ನನ್ನೇ ನೋಡುತ್ತಿದ್ದೆ. ಅಷ್ಟು ಕಷ್ಟಪಟ್ಟು ಬಂದು ಕಂಡದ್ದು ಆ ಬಿಳಿ ಅಂಗಿಯ ಬೆನ್ನು!

ಇಬ್ಬರು ಒಟ್ಟಿಗೆ ಚೆಂಡಿಗೆ ಕಾಲು ಹಾಕಿದರು. ತಮ್ಮ ಬಿದ್ದ. ಏಳಲಿಲ್ಲ. ಸುತ್ತ ಜನ ಸೇರಿ ಅವನು ಕಾಣದಾದ. “ತಮ್ಮಾ!” ಎಂದು ಕೂಗಿದ್ದು ನಾನೇ ಎಂದು ತಿಳಿದದ್ದು ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ. ಮಾವನೂ ತಿರುಗಿದರು. ಆಮೇಲೆ ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿದರು. ಅವನಿಗೆ ಏನಾದರೂ ಆಗಿದ್ದರೆ ಅಪ್ಪನಿಗೆ ಏನು ಹೇಳಲಿ?

ಸ್ವಲ್ಪ ಹೊತ್ತಿನಲ್ಲಿ ಮಾವ ನೇರ ನನ್ನ ಹತ್ತಿರ ಬಂದರು.

“ಕಾಲು ಉಳುಕಿದ್ದು ಅಷ್ಟೆ. ಎದ್ದು ಕೂತಿದ್ದಾನೆ.” ಎತ್ತಿಕಟ್ಟಿದ ಪಂಚೆ ಇಳಿಸುತ್ತ, “ಮದುವೆಯ ದಿನ ಜೀಪಿನ ಹಿಂದೆ ಕೂಗ್ತಾ ಓಡಿದವ ಇವನೇ ಅಲ್ವಾ?”

ತಲೆಯಾಡಿಸಿದೆ.

“ನನ್ನಲ್ಲಿ ಹೇಳ್ಬೇಕಿತ್ತು,” ಎಂದರು. ಅದು ಬೈಗುಳವೋ ಅಲ್ಲವೋ ಮುಖ ನೋಡಿ ತಿಳಿಯುವಂತಿರಲಿಲ್ಲ. “ಲಾರಿ ಹೋಗ್ಲಿ. ಅವ ನಮ್ಮಲ್ಲಿ ಉಳಿಯಲಿ.”

ತಮ್ಮನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದರು. ಮಾವ ಮುಂದೆ, ನಾನು ಹಿಂದೆ. ಮನೆಯವರೆಗೆ ಅವರು ಮತ್ತೊಂದು ಮಾತಾಡಲಿಲ್ಲ. ನೆಂಟನನ್ನು ಉಳಿಸಿಕೊಂಡದ್ದು ಮನೆಯ ಮರ್ಯಾದೆ, ನನ್ನ ವಿಚಾರ ಬೇರೆ ಎಂದು ಓರಗಿತ್ತಿಯ ನೆನಪು ಎದೆಯಲ್ಲಿ ಕುಟ್ಟುತ್ತಲೇ ಇತ್ತು.

ಊಟಕ್ಕೆ ಮಾವನ ಪಕ್ಕದಲ್ಲೇ ತಮ್ಮನಿಗೆ ಎಲೆ ಹಾಕಿದ್ದರು. ಅತ್ತೆ ಸಾರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ತಮ್ಮನಿಗೆ ಬಡಿಸಿದೆ. ಮಾವನ ಎಲೆಯ ಮುಂದೆ ಬಗ್ಗಿ ಸೌಟು ಮುಂದೆ ಹಿಡಿದೆ.

ಅವರ ಕೈ ಅಡ್ಡ ಬರಲಿಲ್ಲ.